ಅಂಧೇರಿಯ ನಡುವೆ ಒಂದು ಗಡಿ

ತಮ್ಮಾ, ರಫ್ತಿಗೆಂದೇ ಇರುವ ಸೀಪ್ಜ್ ವಲಯದ ಆಭರಣ ಕಂಪನಿಯಲ್ಲಿ ರಫ್ತಿನ ಕಾಗದಪತ್ರ ನೋಡುವ ಕೆಲಸ ಸಿಕ್ಕಿದೆ, ಕುಂದಾಪುರ ಬಿಟ್ಟು ಬರಬಹುದಾ, ಮುಂಬೈ ಬದುಕು ಹೇಗೆ ಅಂತ ಕೇಳಿದ್ದೀಯ. ಇಪ್ಪತ್ತೆಂಟು ವರ್ಷದಿಂದ ನನ್ನ ಅನ್ನವೂ ಅದೇ ಕೆಲಸದ್ದು. ಧಾರಾಳವಾಗಿ ಬಾ. ಆದರೆ ಎಲ್ಲಿಗೆ ಬರುತ್ತಿದ್ದೇನೆ ಅಂತ ತಿಳಿದುಕೊಂಡು ಬಾ.

ಜಾಗ ಅಂಧೇರಿ ಪೂರ್ವದಲ್ಲಿದ್ದರೂ ಸುಂಕದ ಲೆಕ್ಕದಲ್ಲಿ ಅದು ಹೊರದೇಶ. 1973ರಲ್ಲಿ ಎಲೆಕ್ಟ್ರಾನಿಕ್ಸ್ ರಫ್ತಿಗೆಂದು ಶುರುವಾದದ್ದು, ಚಿನ್ನ ವಜ್ರ ಆಮೇಲೆ ಬಂದವು. ಈಗ ನಡೆಯುವುದು 2005ರ ವಿಶೇಷ ಆರ್ಥಿಕ ವಲಯ ಕಾಯ್ದೆ. ಕಚ್ಚಾ ಮಾಲು ಸುಂಕವಿಲ್ಲದೆ ಒಳಗೆ ಬರುತ್ತದೆ. ಅಲ್ಲಿ ತಯಾರಾದ ಬಳೆಯನ್ನು ಗೇಟಿನಾಚೆಯ ಅಂಗಡಿಗೆ ಮಾರಿದರೂ ಅದು ಆಮದು, ಸುಂಕ ಕಟ್ಟಲೇಬೇಕು. ಹಾಗಾಗಿ ಒಂದೊಂದು ಗ್ರಾಮಿಗೂ ಲೆಕ್ಕ ಬೇಕು. ಪಾಲಿಶ್ ಹುಡುಗರು ಸಂಜೆ ಕೈ ತೊಳೆದ ನೀರನ್ನೂ ಚರಂಡಿಗೆ ಬಿಡುವುದಿಲ್ಲ, ಸೋಸಿ ಚಿನ್ನದ ಪುಡಿ ತೆಗೆಯುತ್ತಾರೆ. ಹೊರಡುವಾಗ ಜೇಬು, ಚೀಲ, ಬುತ್ತಿ ಡಬ್ಬಿ ಎಲ್ಲ ತೆರೆದು ತೋರಿಸಬೇಕು. ಮೊದಲ ವಾರ ನನಗೆ ಕಣ್ಣೀರೇ ಬಂದಿತ್ತು, ನನ್ನನ್ನು ಕಳ್ಳ ಅಂದುಕೊಂಡರಲ್ಲ ಅಂತ. ನನ್ನ ಹಿಂದೆ ಸಾಲಿನಲ್ಲಿ ನಮ್ಮ ಮ್ಯಾನೇಜರ್ ಕೂಡ ಡಬ್ಬಿ ತೆರೆದುಕೊಂಡು ನಿಂತಿದ್ದರು. ಅದನ್ನು ನೋಡಿದ ಮೇಲೆ ಸಮಾಧಾನವಾಯಿತು.

ನಿನ್ನ ಕೆಲಸದಲ್ಲಿ ಭಯ ಇಟ್ಟುಕೊಳ್ಳಬೇಕಾದದ್ದು ಅಂಕಿಗಳ ಬಗ್ಗೆ. ಸೇರಿದ ವರ್ಷವೇ ಇನ್‌ವಾಯ್ಸಿನಲ್ಲಿ ತೂಕದ ಎರಡು ಅಂಕಿ ಅದಲುಬದಲಾಗಿ, ವಿಮಾನ ನಿಲ್ದಾಣದ ಸಹಾರ್ ಕಾರ್ಗೋದಲ್ಲಿ ಪಾರ್ಸೆಲ್ ನಿಂತು, ಆ ರಾತ್ರಿಯ ವಿಮಾನ ತಪ್ಪಿತು. ಅಂದಿನ ಧಣಿಗಳು ಅರ್ಧ ತಿಂಗಳ ಸಂಬಳ ಹಿಡಿದರು. ಕಲಿಸಿದವರು ಯಾರೂ ಇರಲಿಲ್ಲ. ಇವತ್ತಿಗೂ ನಮ್ಮ ಮೇಜಿನಲ್ಲಿ ಒಬ್ಬ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಬೆರಳಿಟ್ಟು ನೋಡುತ್ತಾನೆ. ಆಮೇಲೇ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸಿಗೆ ಕೊಡುವ ರಫ್ತಿನ ಪತ್ರ, ಹೋಗುವುದು.

ಇನ್ನೊಂದು ಮಾತು. ವಿಶೇಷ ವಲಯದಲ್ಲಿ ಕಾರ್ಮಿಕ ಕಾನೂನು ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ. ಸರ್ಕಾರ ವಲಯಕ್ಕೆ ಬೇರೆ ಕಾಯ್ದೆಗಳಿಂದ ವಿನಾಯಿತಿ ಕೊಡಬಹುದು, ಕಾರ್ಮಿಕರ ಹಕ್ಕಿನ ವಿಷಯದಲ್ಲಿ ಕೊಡುವಂತಿಲ್ಲ ಅಂತ ಅದೇ ಕಾಯ್ದೆಯಲ್ಲಿದೆ. ಗುತ್ತಿಗೆದಾರನ ಮೂಲಕ ಸೇರಿಸಿಕೊಂಡರೂ ಪಿಎಫ್ ನಂಬರ್ ಕೇಳಿ ಪಡೆದುಕೋ. ಸಂಬಳ ಬ್ಯಾಂಕಿಗೇ ಬರಲಿ.

ರೂಮಿಗೆ ಪರದಾಡಬೇಡ, ಘಾಟ್ಕೋಪರಿನಲ್ಲಿ ನಮ್ಮ ಮನೆಯಿದೆ. ಮೊದಲೆಲ್ಲ ಅಂಧೇರಿ ಸ್ಟೇಷನ್ನಿನಿಂದ ಸೀಪ್ಜ್ ಬಸ್ಸಿಗೆ ನೇತಾಡಬೇಕಿತ್ತು. 2024ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೋ ಸೀಪ್ಜ್‌ವರೆಗೂ ಬರುತ್ತದೆ. ಘಾಟ್ಕೋಪರ್‌ನಲ್ಲಿ ಹತ್ತಿ ಮರೋಳ್ ನಾಕಾದಲ್ಲಿ ಬದಲಿಸಿದರಾಯಿತು. ಮರಾಠಿ ಮಾತ್ರ ಬೇಗ ಕಲಿ, ಗೇಟಿನವರ ಜೊತೆ ಅದೇ ನಡೆಯುವುದು. ಭಾನುವಾರ ಕನ್ನಡ ಬೇಕೆನಿಸಿದರೆ ನಮ್ಮವರು ಸೇರುವ ಮಾಟುಂಗ ಇದೆ.

ಮತ್ಸ್ಯಗಂಧಾ ರೈಲಿನಲ್ಲಿ ಬಂದರೆ ಕುರ್ಲಾ ಟರ್ಮಿನಸ್ಸಿನಲ್ಲಿ ಬೆಳಗಾಗುತ್ತದೆ. ಅಲ್ಲಿಂದ ಘಾಟ್ಕೋಪರ್‌ನ ನಮ್ಮ ಮನೆಗೆ ರಿಕ್ಷಾ ಹಿಡಿದು ಬಂದುಬಿಡು, ಅತ್ತಿಗೆ ಗಂಜಿ ಇಟ್ಟಿರುತ್ತಾಳೆ. ನೇಮಕದ ಪತ್ರಕ್ಕೆ ಸಹಿ ಹಾಕದೆ ತಾ, ಒಟ್ಟಿಗೆ ಕೂತು ಓದೋಣ.