‘ನನ್ನ ಹತ್ರ ಬಾಯಿ ಒಂದೇ ಐತಿ’: ಹೊಸ ಲಾರಿ ದಲ್ಲಾಳಿಯೊಬ್ಬರ ಪ್ರಕರಣ

ಲಾರಿ ದಲ್ಲಾಳಿ ಕೆಲಸಕ್ಕೆ ಹೊಸದಾಗಿ ಇಳಿದ ಯುವಕರು ನಿದ್ರೆಯಿಲ್ಲವೆಂದು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವುದು ಈಚೆಗೆ ಹೆಚ್ಚಾಗಿದೆ. ಅವರೆಲ್ಲರ ಸಂಕಟ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬರ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಳ್ಳಾರಿಯ ಈ ಯುವಕನಿಗೆ 27 ವರ್ಷ. ಸಂಡೂರಿನ ಅದಿರು ಸಾಗಿಸಲು ತಂದೆಯ ಬಳಿ ಎರಡು ಲಾರಿಗಳಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಕಂತು ಕಟ್ಟಲಾಗದೆ ಎರಡೂ ಫೈನಾನ್ಸಿನವರ ಪಾಲಾದವು. ‘ಗಾಡಿ ಮಾತ್ರ ಮಾಡಬ್ಯಾಡ, ದಲ್ಲಾಳಿಗೆ ಲುಕ್ಸಾನಿಲ್ಲ’ ಎಂದು ತಂದೆ ಹೇಳಿದ ಮಾತನ್ನು ನಂಬಿ, ಇವರು ಒಂದು ಮೇಜು, ಎರಡು ಫೋನು ಇಟ್ಟುಕೊಂಡು ತೋರಣಗಲ್ಲು ಕಡೆಯ ಕಬ್ಬಿಣದ ಲೋಡುಗಳಿಗೆ ಲಾರಿ ಹೊಂದಿಸತೊಡಗಿದ್ದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಫೋನ್ ಸದ್ದಾದರೆ ಎದೆ ಹಾರುವ ಸ್ಥಿತಿಗೆ ಬಂದಿದ್ದರು.

ಎರಡನೆಯ ಭೇಟಿಯಲ್ಲಿ ಅವರು ಫೋನನ್ನು ನನ್ನ ಮೇಜಿನ ಮೇಲೆ ಮಗುಚಿ ಇಟ್ಟಿದ್ದರು. ಅದು ಮೂರನೆಯ ಸಲ ನಡುಗಿದಾಗ, ಎತ್ತಿ ಮಾತನಾಡಿರೆಂದು ನಾನೇ ಹೇಳಿದೆ. ಕರೆ ಮಾಡಿದವರು ಮಾಲಿನ ಸಾವ್ಕಾರರು. ‘ಹೊಸೂರು ದಾಟೈತ್ರಿ ಸಾವ್ಕಾರ್ರೆ, ನಾಳೆ ಮುಂಜಾನೆ ಕೊಯಮತ್ತೂರಿನಾಗ ಇರ್ತೈತಿ’ ಎಂದು ಸ್ಪಷ್ಟವಾದ ದನಿಯಲ್ಲಿ ಹೇಳಿ, ಫೋನ್ ಇಟ್ಟು, ಬೆವೆತ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಲಾರಿ ನಿಜವಾಗಿ ಎಲ್ಲಿದೆ ಎಂದು ಕೇಳಿದೆ.

‘ಗೊತ್ತಿಲ್ರಿ ಮೇಡಂ. ನಿನ್ನೆಯಿಂದ ಡ್ರೈವರ್ ಫೋನ್ ಬಂದ್ ಐತಿ.’

‘ಅದನ್ನೇ ಏಕೆ ಹೇಳಲಿಲ್ಲ?’

‘ಗೊತ್ತಿಲ್ಲ ಅಂದ್ರ ಮುಂದಿನ ಲೋಡು ಬ್ಯಾರೆಯವ್ರಿಗೆ ಹೋಗ್ತೈತ್ರಿ. ನನ್ನ ಹತ್ರ ಗಾಡಿ ಇಲ್ಲ, ಮಾಲಿಲ್ಲ. ಬಾಯಿ ಒಂದೇ ಐತಿ.’

ನಾನು ಬುದ್ಧಿವಾದ ಹೇಳಲಿಲ್ಲ. ಮಾಲು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಆನ್‌ಲೈನ್ ಚೀಟಿಯಾದ ಇ-ವೇ ಬಿಲ್ಲಿನ ಲೆಕ್ಕವನ್ನು ನನಗೆ ತಿಳಿಸಿಕೊಡಿ ಎಂದೆ. ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ, ದಾರಿಯಲ್ಲಿ ತಡವಾದರೆ ಅವಧಿ ಮುಗಿಯುವ ಮುಂಚಿನ ಅಥವಾ ನಂತರದ ಎಂಟು ಗಂಟೆಗಳೊಳಗೆ ವಿಸ್ತರಿಸಿಕೊಳ್ಳಬಹುದು, ಇಲ್ಲದಿದ್ದರೆ ತಪಾಸಣೆಯಲ್ಲಿ ಲಾರಿಯನ್ನು ತಡೆದು ದಂಡ ಹಾಕುತ್ತಾರೆ ಎಂದು ಬೆರಳು ಮಡಚುತ್ತ ಹೇಳುತ್ತಿದ್ದವರು ನಡುವೆಯೇ ನಿಂತರು. ಲಾರಿ ಹೊಸೂರು ದಾಟಿದೆಯೆಂದು ನಂಬಿದ ಸಾವ್ಕಾರರು ಬಿಲ್ಲನ್ನು ಏಕೆ ವಿಸ್ತರಿಸಿಯಾರು? ಮಾತು ಅರ್ಧಕ್ಕೇ ಬಿಟ್ಟು, ಅದೇ ಸಂಖ್ಯೆಗೆ ಮರಳಿ ಕರೆ ಮಾಡಿ, ‘ತಪ್ಪು ಹೇಳಿದ್ನ್ರಿ, ಗಾಡಿ ಎಲ್ಲೈತಿ ಅಂತ ಗೊತ್ತಿಲ್ಲ’ ಎಂದರು. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಸಂಜೆ ತಿಳಿದಂತೆ, ಲಾರಿ ಆಕ್ಸಲ್ ಮುರಿದು ಚಳ್ಳಕೆರೆಯ ಬಳಿಯೇ ನಿಂತಿತ್ತು.

ನಾನು ಕೊಟ್ಟ ಸಲಹೆ ಇಷ್ಟು: ಡ್ರೈವರನ್ನು ಕೇಳದೆ ಯಾವ ಊರಿನ ಹೆಸರನ್ನೂ ಹೇಳಬಾರದು, ಗೊತ್ತಿಲ್ಲದಿದ್ದರೆ ಅರ್ಧ ತಾಸು ಕೇಳಿಕೊಳ್ಳಬೇಕು, ಮಾಲಿನವರ ಹಣ ಬರುವ ಮೊದಲು ತನ್ನ ಕೈಯಿಂದ ಡ್ರೈವರಿಗೆ ಮುಂಗಡ ಕೊಡಬಾರದು. ಬಾಡಿಗೆ ತಿಂಗಳು ತಡವಾಗಿ ಕೊಡುವವರ ಲೋಡಿಗೂ ಡೀಸೆಲ್ಲಿನ ಹಣವನ್ನು ಇವರೇ ಸುರಿಯುತ್ತಿದ್ದರು. ಅದಕ್ಕಾಗಿ ಪತ್ನಿಯ ಸರ ಗಿರವಿಗೆ ಹೋಗಿತ್ತು. ಹೀಗೆ ಮಾಡಿದರೆ ಕೆಲವು ಲೋಡುಗಳು ಕೈತಪ್ಪುತ್ತವೆಂಬುದನ್ನೂ ಮುಚ್ಚಿಡದೆ ಹೇಳಿದೆ.

ಇದು ವ್ಯಾಪಾರದ ಸಲಹೆ, ಆಪ್ತಸಲಹೆಯಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಉಸಿರಾಟದ ಅಭ್ಯಾಸವನ್ನೂ ನಾನು ಕಲಿಸಿದ್ದೇನೆ, ನಿದ್ರೆಗಾಗಿ ಮನೋವೈದ್ಯರ ಬಳಿಗೂ ಕಳುಹಿಸಿದ್ದೇನೆ. ಆದರೆ ದಿನಕ್ಕೆ ನಲವತ್ತು ಸಲ ಸುಳ್ಳು ಹೇಳಿ, ಅದು ಯಾವಾಗ ಬಯಲಾಗುವುದೋ ಎಂದು ಕಾಯುವವನ ಎದೆಬಡಿತವನ್ನು ಕೇವಲ ಉಸಿರಿನಿಂದ ಇಳಿಸಬಹುದೆಂದು ನಾನು ನಂಬುವುದಿಲ್ಲ. ದಲ್ಲಾಳಿಗೆ ಲುಕ್ಸಾನಿಲ್ಲವೆಂಬ ಮಾತೂ ನಿಜವಲ್ಲ: 2007ರ ರಸ್ತೆ ಸಾಗಣೆ ಕಾಯ್ದೆ, ಮಾಲಿಗೆ ಹೊಣೆಯಾಗುವ ಸಾಗಣೆದಾರರೆಂಬ ವ್ಯಾಖ್ಯೆಯೊಳಗೆ ದಲ್ಲಾಳಿಯನ್ನೂ ಸೇರಿಸುತ್ತದೆ, ನೋಂದಣಿಯನ್ನೂ ಕೇಳುತ್ತದೆ. ಹೊಣೆ ಇಲ್ಲವೆಂದು ನಂಬಿ ಬಂದ ಹುಡುಗರೇ ಎಲ್ಲರ ಹೊಣೆಯನ್ನೂ ಹೊತ್ತು ಕುಸಿಯುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಅಂದು ಬೈದ ಸಾವ್ಕಾರರು ಇಂದಿಗೂ ಇವರಿಗೆ ಲೋಡು ಕೊಡುತ್ತಿದ್ದಾರೆ. ಬೇರೆ ಇಬ್ಬರು ಬಿಟ್ಟುಹೋಗಿದ್ದಾರೆ. ಸರ ಇನ್ನೂ ಬಿಡಿಸಿಲ್ಲ. ಅದು ಅಕ್ಕಸಾಲಿಗನ ಬಳಿ ಬೆಸುಗೆಗೆ ಹೋಗಿದೆಯೆಂದು ಮನೆಯಲ್ಲಿ ಹೇಳಿದ್ದರಂತೆ. ಮುಂದಿನ ಭೇಟಿಗೆ ಪತ್ನಿಯನ್ನೂ ಕರೆತರುತ್ತೇನೆಂದು ಅವರಾಗಿಯೇ ಹೇಳಿ ಹೋಗಿದ್ದಾರೆ.