ಬಿಸಿಲು, ಸಗಣಿ, ನೀರು: ಇವುಗಳಿಂದ ಕಾರು ಎಷ್ಟು ದೂರ ಓಡೀತು?

ಪೆಟ್ರೋಲ್ ಬಿಟ್ಟರೆ ಇನ್ನು ಯಾವುದರಿಂದ ಕಾರು ಓಡಿಸಬಹುದು ಎಂದು ಕೇಳಿ ಈ ಸಲ ಹಲವು ಪತ್ರಗಳು ಬಂದಿವೆ. ಎಲ್ಲ ಉತ್ತರಗಳಿಗೂ ಒಂದೇ ಅಳತೆಗೋಲು ಇಟ್ಟುಕೊಳ್ಳೋಣ: ಮನೆಯ ಮೀಟರಿನ ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಕಾಲು ಭಾಗವನ್ನು ಚಕ್ರಕ್ಕೆ ಮುಟ್ಟಿಸಿ, ಉಳಿದದ್ದನ್ನು ಬಿಸಿಯಾಗಿ ಹೊರಗೆ ಚೆಲ್ಲುತ್ತದೆ. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ 6ರಿಂದ 8 ಕಿ.ಮೀ. ಓಡುತ್ತದೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನ ತಲೆಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದರೆ ಚಾರ್ಜಿಂಗ್ ಖರ್ಚು ಪೂರ್ತಿ ಉಳಿಯುವುದೇ? ನಮ್ಮಲ್ಲಿ ಬಿಸಿಲಿಗೇನೂ ಬರವಿಲ್ಲ. (ಚಳ್ಳಕೆರೆ)

ಬಿಸಿಲಿಗೆ ಬರವಿಲ್ಲ, ಬರ ಇರುವುದು ಜಾಗಕ್ಕೆ. 400 ವ್ಯಾಟ್‌ನ ಒಂದು ಪ್ಯಾನೆಲ್ 1.7 ಮೀಟರ್ ಉದ್ದ, 1.1 ಮೀಟರ್ ಅಗಲ ಇರುತ್ತದೆ, ತೂಕ 20 ಕಿಲೋಗಿಂತ ಹೆಚ್ಚು. ಸಣ್ಣ ಕಾರಿನ ಮೇಲೆ ಒಂದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ದಿನದ ಬಿಸಿಲನ್ನೆಲ್ಲ ಒಟ್ಟು ಮಾಡಿದರೆ 5 ಗಂಟೆಯ ಪೂರ್ಣ ಬಿಸಿಲು ಸಿಕ್ಕೀತು. ಕಾಗದದ ಲೆಕ್ಕಕ್ಕೆ ಅದು 2 ಯೂನಿಟ್. ಆದರೆ ಪ್ಯಾನೆಲ್ಲಿನ ಅಳತೆಯನ್ನು 25 ಡಿಗ್ರಿಯಲ್ಲಿ ಹೇಳಿರುತ್ತಾರೆ. ಕಾದ ತಗಡಿನ ಮೇಲೆ ಅದು 65 ಡಿಗ್ರಿ ಮುಟ್ಟುತ್ತದೆ, ಅಷ್ಟಕ್ಕೇ ಸುಮಾರು ಶೇ. 15 ಹೋಯಿತು. ಧೂಳು, ಮರದ ನೆರಳು, ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಬರುವುದು ಒಂದೂಕಾಲು ಯೂನಿಟ್, ಅಂದರೆ 8–10 ಕಿ.ಮೀ. ಅದಕ್ಕಾಗಿ ಕಾರು ಇಡೀ ದಿನ ಬಿಸಿಲಲ್ಲೇ ನಿಂತಿರಬೇಕು. ಹಾಗೆ ಬೆಂದ ಕಾರನ್ನು ತಂಪು ಮಾಡಲು ಏಸಿ ಹಾಕಿದರೆ ಗಳಿಸಿದ್ದರಲ್ಲಿ ಒಳ್ಳೆಯ ಪಾಲು ಅಲ್ಲೇ ಕರಗುತ್ತದೆ.

ಮಾರುವವರು ಹೇಳದ ಇನ್ನೊಂದು ತೊಡಕಿದೆ. ಮನೆಯ ಕರೆಂಟಿನಿಂದ ಕಾರನ್ನು ಚಾರ್ಜ್ ಮಾಡುವ ವ್ಯವಸ್ಥೆ 6 ಆಂಪಿಯರ್‌ಗಿಂತ ಕಡಿಮೆಗೆ ಕೆಲಸ ಮಾಡುವುದಿಲ್ಲ. 230 ವೋಲ್ಟ್‌ನಲ್ಲಿ ಅದು ಸುಮಾರು 1,400 ವ್ಯಾಟ್. 400 ವ್ಯಾಟ್‌ನ ಪ್ಯಾನೆಲ್ಲನ್ನು ಇನ್ವರ್ಟರ್ ಮೂಲಕ ನೇರ ಜೋಡಿಸಿದರೆ ಚಾರ್ಜಿಂಗ್ ಶುರುವಾಗುವುದೇ ಇಲ್ಲ. ನಡುವೆ ಇನ್ನೊಂದು ಬ್ಯಾಟರಿ ಇಡಬೇಕು, ಅದರ ತೂಕವನ್ನೂ ಹೊರಬೇಕು. ನೆದರ್ಲೆಂಡ್ಸಿನ ಲೈಟ್‌ಇಯರ್ ಕಂಪನಿ ಕಾರಿನ ಮೈಮೇಲೆಲ್ಲ 5 ಚದರ ಮೀಟರ್ ಪ್ಯಾನೆಲ್ ಹೊದಿಸಿ ಮಾರುಕಟ್ಟೆಗೆ ಬಂದಿತ್ತು. 2023ರ ಜನವರಿಯಲ್ಲಿ ಆ ಕಾರು ತಯಾರಿಸುತ್ತಿದ್ದ ಘಟಕ ದಿವಾಳಿಯಾಯಿತು.

ಅದೇ ಹಣವನ್ನು ಮನೆಯ ತಾರಸಿಗೆ ಹಾಕಿ. 3 ಕಿಲೋವ್ಯಾಟ್‌ನ ಪ್ಯಾನೆಲ್ ದಿನಕ್ಕೆ 12 ಯೂನಿಟ್ ಕೊಡುತ್ತದೆ, ಕಾರಿಗೆ ಅದು 80 ಕಿ.ಮೀ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಈ ಗಾತ್ರಕ್ಕೆ 78,000 ರೂ. ಸಹಾಯಧನವಿದೆ. ಹಗಲು ಕಾರು ಮನೆಯಲ್ಲಿರದಿದ್ದರೂ ಲೈನಿಗೆ ಕೊಟ್ಟ ಯೂನಿಟ್ಟನ್ನೂ ಎಣಿಸುವ ನೆಟ್ ಮೀಟರ್ ಇದ್ದರೆ ರಾತ್ರಿ ಚಾರ್ಜ್ ಮಾಡಿದ್ದು ಬಿಲ್ಲಿನಲ್ಲಿ ವಜಾ ಆಗುತ್ತದೆ.

ಪ್ರಶ್ನೆ: ಕೊಟ್ಟಿಗೆಯಲ್ಲಿ 6 ಹಸು ಇವೆ, ಗೋಬರ್ ಗ್ಯಾಸ್ ಗುಂಡಿಯೂ ಇದೆ. ಗ್ಯಾಸನ್ನು ಖಾಲಿ ಸಿಲಿಂಡರಿಗೆ ತುಂಬಿ, ಎಲ್‌ಪಿಜಿ ಕಿಟ್ ಇರುವ ನಮ್ಮ ಓಮ್ನಿ ಓಡಿಸಬಹುದೇ? (ಸಾಗರ ತಾಲ್ಲೂಕು)

ದಯವಿಟ್ಟು ಸಿಲಿಂಡರಿಗೆ ತುಂಬಲು ಹೋಗಬೇಡಿ. ಮೊದಲು ಸಿಲಿಂಡರಿನ ಲೆಕ್ಕ ನೋಡಿ. ಅಡುಗೆ ಅನಿಲ ಸ್ವಲ್ಪ ಒತ್ತಿದರೆ ದ್ರವವಾಗುತ್ತದೆ, ಹಾಗಾಗಿ ಪುಟ್ಟ ಸಿಲಿಂಡರಿನಲ್ಲಿ 14.2 ಕಿಲೋ ಹಿಡಿಸುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಮೀಥೇನ್. ಸೊನ್ನೆಗಿಂತ 82 ಡಿಗ್ರಿ ಕೆಳಗೆ ತಣಿಸದೆ ಅದನ್ನು ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಅದೇ ಸಿಲಿಂಡರಿನ ಒಳಗಾತ್ರ 33 ಲೀಟರ್. ಗಾಳಿಯ ಒತ್ತಡದ 10 ಪಟ್ಟು ತುಂಬಿದರೂ ಒಳಗೆ ಹೋಗುವುದು 330 ಲೀಟರ್ ಗ್ಯಾಸ್. ಅದರಲ್ಲಿ ಮೀಥೇನ್ ಶೇ. 55–60, ತೂಕದಲ್ಲಿ ಸುಮಾರು 125 ಗ್ರಾಂ. ಓಮ್ನಿ 2 ಕಿ.ಮೀ. ಹೋದೀತು. ಫ್ರಿಜ್ಜಿನ ಹಳೇ ಕಂಪ್ರೆಸರ್‌ನಿಂದ ತುಂಬುವ ವಿಡಿಯೊಗಳು ಓಡಾಡುತ್ತಿವೆ. ಪೈಪಿನ ಸಂದಿಯಲ್ಲಿ ಗಾಳಿ ಸೇರಿಕೊಂಡರೆ ಸಿಲಿಂಡರಿನೊಳಗೆ ಸ್ಫೋಟಕ ಮಿಶ್ರಣ ತಯಾರಾಗುತ್ತದೆ. ಹೀಗೆ ತುಂಬುವುದು ಕಾನೂನಿಗೂ ವಿರುದ್ಧ.

ಕಾರಿಗೆ ಬೇಕಾದದ್ದು ಸಿಎನ್‌ಜಿಯ ಮಟ್ಟ: ಇಂಗಾಲದ ಡೈಆಕ್ಸೈಡ್ ತೊಳೆದು ತೆಗೆದ, ತೇವವಿಲ್ಲದ, 200 ಪಟ್ಟು ಒತ್ತಡದ ಗ್ಯಾಸ್. ಅದಕ್ಕೆ ಬೇಕಾದ ಯಂತ್ರಗಳನ್ನು ಒಂದು ಮನೆಗೆಂದು ಹಾಕಿದರೆ ಯಾವ ಕಾಲಕ್ಕೂ ಲೆಕ್ಕ ಕೂಡಿಬರುವುದಿಲ್ಲ. ಕೂಡಿಬಂತೆಂದೇ ಇಟ್ಟುಕೊಳ್ಳಿ: 6 ಹಸುಗಳ 60 ಕಿಲೋ ಸಗಣಿಯಿಂದ ದಿನಕ್ಕೆ 2.4 ಘನ ಮೀಟರ್ ಗ್ಯಾಸ್, ಅದರಿಂದ ಒಂದು ಕಿಲೋಗೆ ಹತ್ತಿರ ಶುದ್ಧ ಮೀಥೇನ್, ಅದರಿಂದ 15–20 ಕಿ.ಮೀ. ಐದಾರು ಜನರ ಮನೆಯ ಅಡುಗೆಗೆ ದಿನಕ್ಕೆ 2 ಘನ ಮೀಟರ್ ಬೇಕು. ಅಂದರೆ ಕಾರು ಉಣ್ಣುವುದು ನಿಮ್ಮ ಒಲೆಯ ಪಾಲನ್ನು. ನೂರಾರು ಹಸುಗಳ ಡೇರಿ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿ ಉಳಿಯುವ ಕೆಸರಾದ ಪ್ರೆಸ್‌ಮಡ್, ಊರಿನ ಹಸಿ ಕಸ ಇರುವ ಕಡೆ ಈ ಕೆಲಸಕ್ಕೆ ಅರ್ಥವಿದೆ.

ಹೆಚ್ಚುವರಿ ಗ್ಯಾಸ್ ಇದ್ದರೆ ಕೊಟ್ಟಿಗೆಯ ಪಕ್ಕದಲ್ಲೇ ನಿಂತ ಎಂಜಿನ್ನಿಗೆ ಕೊಡಿ, ಮೇವು ಕತ್ತರಿಸುವ ಯಂತ್ರ ಓಡಲಿ. ಗೋಬರ್ ಗ್ಯಾಸಿನಲ್ಲಿರುವ, ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ಎಂಜಿನ್ನಿನ ತಾಮ್ರ, ಹಿತ್ತಾಳೆಯ ಭಾಗಗಳನ್ನು ತಿನ್ನುತ್ತದೆ. ಅದನ್ನು ತಡೆಯಲು ಒಂದು ಪಿವಿಸಿ ಪೈಪಿನಲ್ಲಿ ಲೇತ್ ಅಂಗಡಿಯ ಕಬ್ಬಿಣದ ಸುರುಳಿಗಳನ್ನು ಚೆನ್ನಾಗಿ ತುಕ್ಕು ಹಿಡಿಸಿ ತುಂಬಿ, ಗ್ಯಾಸನ್ನು ಅದರ ಮೂಲಕ ಹಾಯಿಸಿ. ಕೆಂಪು ತುಕ್ಕು ಕಪ್ಪಾದಾಗ ಹೊರತೆಗೆದು, ನೆಲದ ಮೇಲೆ ತೆಳ್ಳಗೆ ಹರಡಿ ಗಾಳಿಗೆ ಬಿಟ್ಟರೆ ಮತ್ತೆ ಕೆಂಪಾಗುತ್ತದೆ. ಆಗ ಬಿಸಿ ಏರುತ್ತದೆ, ಹುಲ್ಲು, ಗೋಣಿಚೀಲ ಹತ್ತಿರ ಇರಬಾರದು.

ಪ್ರಶ್ನೆ: ನೀರಿನಿಂದ ಜಲಜನಕ ಮಾಡಿ ಎಂಜಿನ್ನಿಗೆ ಕೊಡುವ ಎಚ್‌ಎಚ್‌ಒ ಕಿಟ್ ಹಾಕಿಸಿದರೆ ಮೈಲೇಜ್ ಶೇ. 30 ಏರುತ್ತದೆ ಎನ್ನುತ್ತಾರೆ. ನಿಜವೇ? (ರಾಣೆಬೆನ್ನೂರು)

ನಿಜವಲ್ಲ. ಇಂಥ ಕಿಟ್ ಕಾರಿನಲ್ಲಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್‌ನಿಂದ 20 ಆಂಪಿಯರ್ ಎಳೆಯುತ್ತದೆ ಎನ್ನೋಣ. 14 ವೋಲ್ಟ್‌ಗೆ ಅದು 280 ವ್ಯಾಟ್. 6 ಸೆಲ್‌ಗಳ ಕಿಟ್ ಅಷ್ಟರಲ್ಲಿ ಗಂಟೆಗೆ 4.5 ಗ್ರಾಂ ಜಲಜನಕ ಕೊಡುತ್ತದೆ, ಅದರ ಶಕ್ತಿ 17 ಮಿ.ಲೀ. ಪೆಟ್ರೋಲಿಗೆ ಸಮ. ಇತ್ತ 280 ವ್ಯಾಟ್ ಕೊಡಲು ಆಲ್ಟರ್ನೇಟರ್ ಬೆಲ್ಟಿನಿಂದ 500 ವ್ಯಾಟ್‌ನಷ್ಟು ಎಳೆಯುತ್ತದೆ, ಬೆಲ್ಟಿಗೆ ಅಷ್ಟು ಕೊಡಲು ಎಂಜಿನ್ ಗಂಟೆಗೆ ಸುಮಾರು 200 ಮಿ.ಲೀ. ಪೆಟ್ರೋಲ್ ಸುಡುತ್ತದೆ. 200 ಕೊಟ್ಟು 17 ತಂದ ಹಾಗಾಯಿತು. ನೀರು ಇಂಧನವಲ್ಲ, ಜಲಜನಕ ಉರಿದು ಉಳಿದ ಬೂದಿ ಅದು. ಬೂದಿಯನ್ನು ಮತ್ತೆ ಸೌದೆ ಮಾಡಲು ಸುಟ್ಟಾಗ ಸಿಕ್ಕಿದ್ದಕ್ಕಿಂತ ಹೆಚ್ಚು ಶಕ್ತಿ ತೆರಲೇಬೇಕು.

ಹಾಗಾದರೆ ಕೆಲವರಿಗೆ ಮೈಲೇಜ್ ಏರಿದ್ದು ಹೇಗೆ? ಕಿಟ್ ಹಾಕಿಸಿದವರು ಮೈಲೇಜ್ ನೋಡುತ್ತಾ ಹಗುರವಾಗಿ ಓಡಿಸುತ್ತಾರೆ, ಅದೊಂದು ಕಾರಣ. ಎರಡನೆಯದು ಅಪಾಯಕಾರಿ. ಕಿಟ್‌ನಿಂದ ಆಮ್ಲಜನಕವೂ ಹೋಗುವುದರಿಂದ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆಯಾಯಿತೆಂದು ತಿಳಿದು ಇನ್ನಷ್ಟು ಹಾಕಿಸುತ್ತದೆ. ಇದನ್ನು ಮುಚ್ಚಲು ಮೆಕ್ಯಾನಿಕ್ ಸೆನ್ಸರಿಗೆ ಸುಳ್ಳು ಹೇಳುವ ಸಣ್ಣ ಸರ್ಕ್ಯೂಟ್ ಸೇರಿಸುತ್ತಾನೆ. ಪೆಟ್ರೋಲ್ ನಿಜಕ್ಕೂ ಕಡಿಮೆಯಾಗುತ್ತದೆ, ಉರಿಯ ಬಿಸಿ ಏರಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಮಿಸ್‌ಫೈರ್ ಆಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಡಬ್ಬಿಯೊಳಗಿನ ಕಾಸ್ಟಿಕ್ ಪೊಟ್ಯಾಷ್ ದ್ರಾವಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಈಗಾಗಲೇ ಹಾಕಿಸಿಬಿಟ್ಟಿದ್ದೀರಾದರೆ ಹೀಗೆ ಪರೀಕ್ಷಿಸಿ. ಮೊದಲು ಆ ಸೆನ್ಸರ್ ಸರ್ಕ್ಯೂಟ್ ತೆಗೆಸಿ. ಟ್ಯಾಂಕ್ ಪೂರ್ತಿ ತುಂಬಿಸಿ, ಒಂದೇ ದಾರಿಯಲ್ಲಿ, ಒಂದೇ ಟೈರ್ ಒತ್ತಡದಲ್ಲಿ 500 ಕಿ.ಮೀ. ಓಡಿಸಿ ಮತ್ತೆ ತುಂಬಿಸಿ ಲೆಕ್ಕ ಬರೆಯಿರಿ. ಆಮೇಲೆ ಇನ್ನೊಂದು 500. ಎರಡರಲ್ಲಿ ಒಂದು ಸಲ ಕಿಟ್‌ನ ಫ್ಯೂಸ್ ತೆಗೆದಿರಬೇಕು, ಯಾವ ಸಲ ಎಂದು ಓಡಿಸುವವರಿಗೆ ಗೊತ್ತಿರಬಾರದು.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನ ಚಕ್ರಗಳಿಗೆ ಡೈನಮೊ ಜೋಡಿಸಿದರೆ ಓಡುತ್ತಲೇ ಚಾರ್ಜ್ ಆಗುವುದಿಲ್ಲವೇ? (ವಿದ್ಯಾರ್ಥಿ, ವಿಜಯಪುರ)

ಸೈಕಲ್ಲಿನ ಡೈನಮೊವನ್ನು ಟೈರಿಗೆ ಒತ್ತಿ ತುಳಿದು ನೋಡಿ, ಪೆಡಲ್ ಭಾರವಾಗುತ್ತದೆ. ಕಾರಿನಲ್ಲಿ ಆ ಭಾರವನ್ನು ಹೊರುವುದು ಅದೇ ಬ್ಯಾಟರಿ. ಬ್ಯಾಟರಿಯ 100 ಭಾಗ ಮೋಟರಿನಲ್ಲಿ 90 ಆಗುತ್ತದೆ, ಅಷ್ಟನ್ನೂ ಡೈನಮೊಗೆ ಕೊಟ್ಟರೆ 72 ಹಿಂದಿರುಗುತ್ತದೆ, ಕಾರು ನಿಂತಲ್ಲೇ ನಿಂತಿರುತ್ತದೆ. ಬ್ರೇಕ್ ಹಾಕುವಾಗ, ಇಳಿಜಾರಿನಲ್ಲಿ ಮಾತ್ರ ಇದರಿಂದ ಲಾಭ. ಆ ಕೆಲಸವನ್ನು ಕಾರಿನ ಮೋಟರೇ ಈಗಾಗಲೇ ಮಾಡುತ್ತಿದೆ.

ಪ್ರಶ್ನೆ: ನಮ್ಮ ಕಾರಿನದು 30 ಯೂನಿಟ್ ಬ್ಯಾಟರಿ. ಹಾಸನದಿಂದ ಮಂಗಳೂರಿಗೆ ಒಂದೇ ಚಾರ್ಜ್‌ನಲ್ಲಿ ಆರಾಮವಾಗಿ ಹೋಗುತ್ತೇವೆ, ಬರುವಾಗ ಸಾಲುವುದಿಲ್ಲ. ಬ್ಯಾಟರಿ ಕೆಟ್ಟಿದೆಯೇ? (ಹಾಸನ)

ಬ್ಯಾಟರಿ ಸರಿಯಾಗಿಯೇ ಇರಬಹುದು, ವ್ಯತ್ಯಾಸ ಘಾಟಿಯದು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,800 ಕಿಲೋ ಭಾರವನ್ನು ಅಷ್ಟು ಮೇಲಕ್ಕೆ ಎತ್ತಲು 4.6 ಯೂನಿಟ್ ಬೇಕು, ಮೋಟರಿನ ನಷ್ಟ ಸೇರಿಸಿದರೆ 5ಕ್ಕೂ ಮೇಲೆ. ಇಳಿಯುವಾಗ ಅದರಲ್ಲಿ ಸುಮಾರು 3 ಯೂನಿಟ್ ವಾಪಸ್ ಬರುತ್ತದೆ. 170 ಕಿ.ಮೀ. ಸಮತಟ್ಟು ರಸ್ತೆಗೆ 24 ಯೂನಿಟ್ ಹಿಡಿದರೆ, ಹೋಗಲು 21, ಬರಲು 29. ಏಸಿ ಹಾಕಿದಿರೋ, 30ರ ಗಡಿ ದಾಟಿತು. ವೇಗವೂ ಸೇರಿಕೊಳ್ಳುತ್ತದೆ: 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಬರುವಾಗ ಚಾರ್ಜ್ ಮಾಡುವುದನ್ನು ಘಾಟಿಯ ಕೆಳಗೆ, ಉಪ್ಪಿನಂಗಡಿ ಕಡೆಯಲ್ಲೇ ಮುಗಿಸಿಕೊಳ್ಳಿ. ಶಿರಾಡಿ ಹತ್ತುವಾಗ ಶೇಕಡಾವಾರು ಅಂಕಿ ಕಣ್ಣೆದುರೇ ಇಳಿಯುತ್ತದೆ, ನಡುವೆ ಟ್ರಕ್ ಕೆಟ್ಟು ನಿಂತು ಸಾಲು ಹತ್ತಿದರೆ ಕಷ್ಟ. ಹೋಗುವಾಗ ಇದರ ತದ್ವಿರುದ್ಧ. ಸಕಲೇಶಪುರದಲ್ಲಿ ಶೇ. 100 ತುಂಬಿಸಿಕೊಂಡು ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇನ್ನಷ್ಟು ಹಿಡಿಸುವುದಿಲ್ಲ, ಹಾಗಾಗಿ ಮೋಟರ್ ವೇಗ ತಡೆಯುವುದನ್ನು ಬಿಟ್ಟುಕೊಡುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಬಿಸಿಯಾಗುತ್ತದೆ. ಶೇ. 85ರಲ್ಲಿ ಹೊರಡಿ.

ಪ್ರಶ್ನೆ: ರಾತ್ರಿ ಕಾರು ಚಾರ್ಜ್‌ಗೆ ಹಾಕಿದಾಗ ಗೋಡೆಯ 15 ಆಂಪಿಯರ್ ಸಾಕೆಟ್ ಕರಗಿಹೋಯಿತು. ಅದೇ ಸಾಕೆಟ್ಟಿನಲ್ಲಿ ಗೀಸರ್ ವರ್ಷಗಟ್ಟಲೆ ನಡೆದಿದೆ. (ಕುಂದಾಪುರ)

ಗೀಸರ್ 9 ಆಂಪಿಯರ್ ಎಳೆದು 20 ನಿಮಿಷಕ್ಕೆ ಆಫ್ ಆಗುತ್ತದೆ. ಕಾರು 13 ಆಂಪಿಯರ್ ಎಳೆಯುತ್ತಾ 8–9 ಗಂಟೆ ಬಿಡುವುದಿಲ್ಲ. ಸಾಕೆಟ್ಟಿನ ಸ್ಕ್ರೂ ಸಡಿಲಾಗಿ ಅಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗ ತಡೆ ಇದ್ದರೂ 17 ವ್ಯಾಟ್ ಬಿಸಿ ಹುಟ್ಟುತ್ತದೆ. ಪ್ಲಾಸ್ಟಿಕ್ಕಿನೊಳಗೆ ಸಣ್ಣ ಸಾಲ್ಡರಿಂಗ್ ಐರನ್ ಇಟ್ಟು ರಾತ್ರಿಯಿಡೀ ಬಿಟ್ಟಂತೆ.

ಮೀಟರ್ ಬೋರ್ಡಿನಿಂದ ಕಾರಿಗೆಂದೇ ಬೇರೆ ಲೈನ್ ಎಳೆಸಿ: 4 ಚದರ ಮಿ.ಮೀ. ತಾಮ್ರದ ವೈರು, ದೂರ 25 ಮೀಟರ್ ದಾಟಿದರೆ 6. 20 ಆಂಪಿಯರ್‌ನ ಸಿ ಟೈಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), 30 ಮಿಲಿಆಂಪಿಯರ್‌ನ ಎ ಟೈಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್), ಕಾರ್ಖಾನೆಗಳಲ್ಲಿ ಬಳಸುವ ನೀಲಿ ಸಾಕೆಟ್. ಚಾರ್ಜರಿನ ಪ್ಲಗ್ ಬೇರೆ ಬಗೆಯದಾದರೆ ಒಳ್ಳೆಯ ದರ್ಜೆಯ 16 ಆಂಪಿಯರ್ ಸಾಕೆಟ್ ಸಾಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಮೇನ್ ಆಫ್ ಮಾಡಿ. ತಿಂಗಳಾದ ಮೇಲೆ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಅರ್ತಿಂಗ್ ಇಲ್ಲದ ಮನೆಗಳಲ್ಲಿ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿ ದೀಪ ಹಸಿರು ಮಾಡಿಕೊಡುತ್ತಾರೆ. ಇದನ್ನು ಖಂಡಿತ ಒಪ್ಪಬೇಡಿ. ಹೊರಗೆ ನ್ಯೂಟ್ರಲ್ ತುಂಡಾದ ದಿನ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ.

ಪ್ರಶ್ನೆ: ಹೈಡ್ರೋಜನ್ ಕಾರು ಬರುವವರೆಗೆ ಕಾಯುವುದೇ ಲೇಸೇ? (ಬೆಂಗಳೂರು)

ಕಾಯಬೇಡಿ. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡಿ, 700 ಪಟ್ಟು ಒತ್ತಡಕ್ಕೆ ತುಂಬಲು 60 ಯೂನಿಟ್ ವಿದ್ಯುತ್ ಬೇಕು. ಅದರಿಂದ ಟೊಯೊಟಾ ಮಿರಾಯ್‌ನಂಥ ಕಾರು ಸುಮಾರು 100 ಕಿ.ಮೀ. ಓಡುತ್ತದೆ. ಅದೇ 60 ಯೂನಿಟ್ ಬ್ಯಾಟರಿ ಕಾರಿಗೆ ಹಾಕಿದರೆ 350–400 ಕಿ.ಮೀ. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಕಂಪನಿ 2024ರಲ್ಲಿ ತನ್ನ ಕಾರುಗಳ ಹೈಡ್ರೋಜನ್ ಬಂಕ್‌ಗಳನ್ನು ಮುಚ್ಚಿತು.

ಪ್ರಶ್ನೆ: ತೋಟದ ಬದುವಿನ ಹೊಂಗೆ ಮರಗಳ ಬೀಜದಿಂದ ಬಯೋಡೀಸೆಲ್ ಮಾಡಿ ಬಿಎಸ್6 (ಹೊಗೆಯ ಹೊಸ ಮಾನದಂಡದ) ಡೀಸೆಲ್ ಕಾರಿಗೆ ಹಾಕಬಹುದೇ? (ಅರಸೀಕೆರೆ)

ಹೊಂಗೆ ಎಣ್ಣೆಯನ್ನು ಕಡೆಗಣಿಸುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಅದರಿಂದ ಜನರೇಟರ್ ಓಡಿಸಿ ತೋರಿಸಿದ್ದರು. ನೀರೆತ್ತುವ ಹಳೇ ಸಿಂಗಲ್ ಸಿಲಿಂಡರ್ ಎಂಜಿನ್ನಿಗೆ ಇಂದಿಗೂ ಅದು ಒಗ್ಗುತ್ತದೆ. ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೋಸಿದ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ 5 ನಿಮಿಷ ಮುಂಚೆ ಮತ್ತೆ ಡೀಸೆಲ್ ಕೊಟ್ಟು ಪೈಪು, ನಾಜಲ್ ತೊಳೆಯಬೇಕು.

ಕಾರಿನ ಕಥೆ ಬೇರೆ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಗಟ್ಟಿ. ಆ ಗಟ್ಟಿತನ ಇಳಿಸಲು ಲೀಟರಿಗೆ 200 ಮಿ.ಲೀ. ಮೆಥನಾಲ್, ಸುಮಾರು 4 ಗ್ರಾಂ ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿಯಲ್ಲಿ ಒಂದು ಗಂಟೆ ಕಲಕುತ್ತಾರೆ. ರಾತ್ರಿಯಿಡೀ ಬಿಟ್ಟರೆ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ, ಮೇಲಿನದನ್ನು ಬೆಚ್ಚನೆ ನೀರಿನಿಂದ ತೊಳೆದು ತೇವ ಆರಿಸುತ್ತಾರೆ. ಕೆಡುವುದು ಬೀಜದಿಂದಲೇ. ಮಳೆಗಾಲದಲ್ಲಿ ಮುಗ್ಗಿದ ಬೀಜದ ಎಣ್ಣೆಯಲ್ಲಿ ಆಮ್ಲ ಹೆಚ್ಚಿರುತ್ತದೆ, ಅದು ಶೇ. 2 ದಾಟಿದರೆ ಸೋಡಾ ಬೆರೆತು ಪಾತ್ರೆ ತುಂಬ ಸಾಬೂನು ಆಗುತ್ತದೆ. ಮೆಥನಾಲ್ ಹೊಗೆ ಕಣ್ಣಿಗೆ, ನರಗಳಿಗೆ ವಿಷ, ಹಗಲಲ್ಲಿ ಅದರ ಉರಿ ಕಾಣುವುದೂ ಇಲ್ಲ. ಮನೆಯೊಳಗೆ ಮಾಡುವ ಕೆಲಸವಲ್ಲ. ಹಾಸನ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನ ನಿಮಗೆ ದೂರವಲ್ಲ, ಅಲ್ಲಿಯವರನ್ನು ಕೇಳಿ ನೋಡಿ.

ಚೆನ್ನಾಗಿ ತಯಾರಾದ ಬಯೋಡೀಸೆಲ್ ಆದರೂ ಬಿಎಸ್6 ಕಾರಿಗೆ ಹಾಕಬೇಡಿ. ಬಂಕಿನ ಡೀಸೆಲ್ಲಿನಲ್ಲಿ ಶೇ. 7ರವರೆಗೆ ಮಾತ್ರ ಅದಕ್ಕೆ ಅವಕಾಶ. ಈ ಕಾರುಗಳು ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಸ್ವಚ್ಛ ಮಾಡಲು ಆಗಾಗ ಸಿಲಿಂಡರಿಗೆ ತಡವಾಗಿ ಸ್ವಲ್ಪ ಇಂಧನ ಚಿಮುಕಿಸುತ್ತವೆ. ಡೀಸೆಲ್ ಬಹುಪಾಲು ಆವಿಯಾಗಿ ಹೊರಗೆ ಹೋಗುತ್ತದೆ. ಬಯೋಡೀಸೆಲ್ ಕುದಿಯುವುದೇ 330 ಡಿಗ್ರಿಯ ಮೇಲೆ, ಅದು ಸಿಲಿಂಡರಿನ ಗೋಡೆಗೆ ಅಂಟಿ ಎಂಜಿನ್ ಆಯಿಲ್‌ಗೆ ಜಾರುತ್ತದೆ. ಈಗಾಗಲೇ ಹಾಕಿ ಓಡಿಸಿದ್ದರೆ ಸಮತಟ್ಟಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಇಳಿಯುವ ಬದಲು ಮೇಲಿನ ಗೆರೆ ದಾಟಿ ಏರಿದ್ದರೆ, ಬೆರಳಿಗೆ ತೆಳ್ಳಗೆ ಹತ್ತಿದರೆ, ಎಂಜಿನ್ ಸ್ಟಾರ್ಟ್ ಮಾಡದೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ, ಟ್ಯಾಂಕಿನಲ್ಲಿ ಉಳಿದದ್ದನ್ನು ಇಳಿಸಿ ಪಂಪ್‌ಸೆಟ್ ಎಂಜಿನ್ನಿಗೆ ಬಳಸಿ.