ವರ್ತಕರ ಸಂಘಗಳು ತಮ್ಮ ಕಸುಬಿನ ಮನೆಗಳ ಮಕ್ಕಳಿಗಷ್ಟೇ ವಿದ್ಯಾರ್ಥಿವೇತನ ಕೊಡುವುದೇಕೆ?

ಆ ಹಣವನ್ನು ಕೂಡಿಸಿದವರು ಆ ಕಸುಬಿನವರೇ ಎಂಬುದು ಇದಕ್ಕೆ ನೇರ ಕಾರಣ. ದಾವಣಗೆರೆಯ ದಲಾಲಿ ಅಂಗಡಿ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳಾಗಲಿ, ಚಳ್ಳಕೆರೆಯ ಎಣ್ಣೆ ಗಿರಣಿಗಳಾಗಲಿ, ಇಂಥ ವಹಿವಾಟಿನವರ ಸಂಘವು ಸಾಮಾನ್ಯವಾಗಿ ಸದಸ್ಯರ ವಂತಿಗೆ, ದೇಣಿಗೆಗಳನ್ನು ಮೂಲಧನವಾಗಿ ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಹಂಚುತ್ತದೆ. ಉದಾಹರಣೆಗೆ, 10 ಲಕ್ಷ ರೂಪಾಯಿಗೆ ಶೇಕಡಾ 7ರ ಬಡ್ಡಿ ಬಂದರೆ ವರ್ಷಕ್ಕೆ ಸಿಗುವುದು 70,000 ರೂಪಾಯಿ. ತಲಾ 10,000ದಂತೆ ಏಳೇ ವಿದ್ಯಾರ್ಥಿಗಳಿಗೆ ಅದು ಮುಗಿಯುತ್ತದೆ. ಬಡ್ಡಿದರ ಇಳಿದ ವರ್ಷ ಫಲಾನುಭವಿಗಳೂ ಕಡಿಮೆಯಾಗುವುದು ಇದರಿಂದಲೇ.

ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ತೂಕದ್ದು. ಮಳೆ ಕೈಕೊಟ್ಟು ಮಾರುಕಟ್ಟೆಗೆ ಆವಕ ಕುಸಿದರೆ ಸಣ್ಣ ವರ್ತಕನ ಆದಾಯವೂ ಹಮಾಲರ ಕೂಲಿಯೂ ಒಟ್ಟಿಗೇ ಇಳಿಯುತ್ತವೆ, ಆದರೆ ಹಿಂದೆ ಪಡೆದ ಆದಾಯ ಪ್ರಮಾಣಪತ್ರದಲ್ಲಿ ಈ ಏರಿಳಿತ ಕಾಣುವುದಿಲ್ಲ. ದಿನವೂ ಅದೇ ಪ್ರಾಂಗಣದಲ್ಲಿ ವ್ಯವಹರಿಸುವ ಸಂಘದವರಿಗೆ ಯಾವ ಮನೆಯಲ್ಲಿ ಕಾಲೇಜು ಶುಲ್ಕ ಕಟ್ಟಲಾಗುತ್ತಿಲ್ಲವೆಂಬುದು ಅರ್ಜಿ ಬರುವ ಮುನ್ನವೇ ತಿಳಿದಿರುತ್ತದೆ. ಅದೇ ಪರಿಚಯ ಪಕ್ಷಪಾತಕ್ಕೂ ದಾರಿಯಾಗಬಹುದಾದ್ದರಿಂದ, ಅಂಕ ಮತ್ತು ಆದಾಯದ ಮಿತಿಗಳನ್ನು ಸಂಘವು ಮೊದಲೇ ಬರೆದು ಪ್ರಕಟಿಸಬೇಕು.